ಬುತ್ತಿ ತಂದವರು

ಬಾಂಬು ಸಿಡಿದದ್ದು ಎಲ್ಲೋ ಉತ್ತರದ ಪಟ್ಟಣವೊಂದರ ಬಜಾರಿನಲ್ಲಿ. ಸದ್ದು ಮಾತ್ರ ರಾಮದುರ್ಗದಲ್ಲೇ ಜೋರಾಗಿ ಕೇಳಿಸಿತು. ದಿಲ್ಲಿಯಲ್ಲಿ ಒಬ್ಬರ ಸರಕಾರ, ಬೆಂಗಳೂರಿನಲ್ಲಿ ಇನ್ನೊಬ್ಬರದು. ಹೀಗಾಗಿ ನಮ್ಮ ತಾಲೂಕಿನಲ್ಲಿ ಎರಡೂ ಪಕ್ಷದವರು ಆಳುವವರೂ ಹೌದು, ಬೈಯುವವರೂ ಹೌದು. ಒಬ್ಬರು ಸೋಮವಾರ ಬಂದ್ ಮಾಡಿಸಿದರು, ಇನ್ನೊಬ್ಬರು ಮಂಗಳವಾರ. ಮೇಣದಬತ್ತಿ ಮೆರವಣಿಗೆಯಲ್ಲಿ ಮೌನಾಚರಣೆಗೆ ಯಾರು ಮೈಕ್ ಹಿಡಿಯಬೇಕೆಂದು ಜಗಳವಾಗಿ, ಮೌನವೊಂದು ಬಿಟ್ಟು ಉಳಿದದ್ದೆಲ್ಲ ನಡೆಯಿತು.

ಎರಡೂ ದಿನ ಪದ್ಮವ್ವನ ಖಾನಾವಳಿಯ ಮುಂಬಾಗಿಲು ಮುಚ್ಚಿಸಿದವರೇ ಮಧ್ಯಾಹ್ನ ಹಿತ್ತಲ ಬಾಗಿಲಿನಿಂದ ಬಂದು ಉಂಡುಹೋದರು. ದುಃಖಕ್ಕೆ ಹಸಿವೆ ಜಾಸ್ತಿ ಎಂದು ಕಾಣುತ್ತದೆ.

ಪದ್ಮವ್ವ ಗಂಡ ತೀರಿಕೊಂಡ ಮೇಲೆ ಬಸ್ ನಿಲ್ದಾಣದ ಹಿಂದೆ ಒಲೆ ಹೂಡಿದವಳು. ಕೊರಳಲ್ಲಿ ಲಿಂಗ, ಕೈಯಲ್ಲಿ ಹಿಟ್ಟು, ಬಾಯಲ್ಲಿ ಬೈಗುಳ. ಅವಳು ರೊಟ್ಟಿ ಬಡಿಯುವ ಸದ್ದು ಡಿಪೋದವರೆಗೆ ಕೇಳುತ್ತದೆ, ಬೈಗುಳ ಅದಕ್ಕಿಂತ ತುಸು ಮುಂದೆ. ತಾಟಿನಲ್ಲಿ ಪಲ್ಯ ಬಿಟ್ಟವನು ಸಾಹೇಬನಿರಲಿ, ಹಮಾಲನಿರಲಿ, "ನಿಮ್ಮಪ್ಪ ಬಿತ್ತಿದ್ದನೇನೋ ಇದನ್ನ?" ಎಂದು ಕೇಳಿಯೇ ತಾಟು ಎತ್ತುತ್ತಿದ್ದಳು. ಜನ ಬೈಸಿಕೊಳ್ಳಲಿಕ್ಕೆಂದೇ ಬರುತ್ತಿದ್ದರೋ ಏನೋ, ಗಿರಾಕಿಗೆ ಬರವಿರಲಿಲ್ಲ.

ಬುಧವಾರ ಸಾಲಹಳ್ಳಿಗೆ ಒಂದು ಹೆಣ ಬಂತು. ಅದೇ ಬಜಾರಿನ ಹೊಸ ಅಂಗಡಿಯೊಂದಕ್ಕೆ ಟೈಲ್ಸ್ ಕೂರಿಸಲು ಹೋಗಿದ್ದ ಪರಶು, ಸಾಲಹಳ್ಳಿಯ ದಲಿತರ ಕೇರಿಯವನು. ಮಣ್ಣು ಮಾಡಿ ಕೈ ತೊಳೆದುಕೊಳ್ಳುವಷ್ಟರಲ್ಲಿ ನಮ್ಮ ಮುಖಂಡರಿಗೆ ಜೀವ ಬಂತು. ತಾಲೂಕಿಗೂ ಒಬ್ಬ ಹುತಾತ್ಮ ಸಿಕ್ಕಿದ್ದ!

ನಮ್ಮ ಕಡೆ ಸತ್ತವರ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಬೇಕಾದವರು ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ, ಆ ಮನೆಯವರ ಜೊತೆ ಕುಳಿತು ತಾವೂ ಉಂಡು ಅವರಿಗೂ ಉಣ್ಣಿಸುತ್ತಾರೆ. ಕೂಡಿ ಉಂಡರೆ ಅದು ಬುತ್ತಿ, ಇಟ್ಟು ಬಂದರೆ ಪಾರ್ಸಲ್. ಇದು ಗೊತ್ತಿದ್ದೇ ಒಂದು ಪಕ್ಷದ ಶ್ರೀಶೈಲ ಅಂದು ಸಂಜೆಯೇ ಪದ್ಮವ್ವನಿಗೆ ಬುತ್ತಿಗೆ ಹೇಳಿಹೋದ. ಅವನ ಹಿಂದೆಯೇ ಇನ್ನೊಂದು ಪಕ್ಷದ ಸುಭಾಸ ಬಂದ. ಈ ಇಬ್ಬರೂ ವೇದಿಕೆಯ ಮೇಲೆ ವೈರಿಗಳು, ಮನೆಯಲ್ಲಿ ಬೀಗರು.

"ಒಂದೀಟು ಸಿಹಿ ಇರ್ಲಿ ಪದ್ಮಕ್ಕ. ಅವರ ಬುತ್ತಿಗಿಂತ ನಮ್ದು ಚಲೋ ಕಾಣಬೇಕು," ಎಂದ ಸುಭಾಸ.

"ಸತ್ತ ಮನಿಗೆ ಹೋಳಿಗಿ ಒಯ್ತಿಯೇನೋ ಭಾಡ್ಯಾ?" ಎಂದು ಪದ್ಮವ್ವ ಲಟ್ಟಣಿಗೆ ಎತ್ತಿದಳು.

ಮರುದಿನ ಒಂದೇ ಹಿಟ್ಟಿನ ರೊಟ್ಟಿ, ಒಂದೇ ಗಡಿಗೆಯ ಬೇಳೆ ಎರಡು ಬುಟ್ಟಿಗೆ ತುಂಬಿ, ಎರಡು ಬಣ್ಣದ ಪಟ್ಟಿ ಕಟ್ಟಿಸಿಕೊಂಡು ಸಾಲಹಳ್ಳಿಗೆ ಹೊರಟವು. ಪದ್ಮವ್ವನೂ ಜೀಪು ಹತ್ತಿದಳು. ಇವರು ಬುಟ್ಟಿ ಹೊಸ್ತಿಲಲ್ಲಿಟ್ಟು ಫೋಟೊ ಹೊಡೆಸಿಕೊಂಡು ಬರುವ ಗಿರಾಕಿಗಳೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಪರಶುವಿನ ಹೆಂಡತಿ ರೇಣು ಗೋಡೆಗೆ ಒರಗಿ ಕುಳಿತಿದ್ದಳು. ಮೊಲೆ ಬಿಡದ ಕೂಸು ಅಜ್ಜಿ ಶೆಟ್ಟೆವ್ವನ ತೊಡೆಯ ಮೇಲೆ ಅತ್ತು ಅತ್ತು ದನಿ ಕಳೆದುಕೊಂಡಿತ್ತು.

"ಸುದ್ದಿ ಬಂದಾಗಿಂದ ಸೊಸಿ ಒಂದು ತುತ್ತು ಬಾಯಾಗ ಇಟ್ಟಿಲ್ಲಬೇ," ಎಂದಳು ಶೆಟ್ಟೆವ್ವ. "ಎದ್ಯಾಗ ಹಾಲು ಬರವಲ್ದು. ಮಗನ್ನಂತೂ ಕಳಕೊಂಡೆ, ಈ ಕೂಸರ ಉಳೀಬೇಕಲ್ಲಬೇ?"

ಪದ್ಮವ್ವ ಬುಟ್ಟಿಗೆ ಕೈ ಹಾಕಿದಳು. ಅಷ್ಟರಲ್ಲಿ ಶ್ರೀಶೈಲ ಒಂದು ರೊಟ್ಟಿ ಮುರಿದು ರೇಣುವಿನ ಬಾಯಿಯ ಹತ್ತಿರ ಹಿಡಿದು, ಮುಖ ಮಾತ್ರ ಕ್ಯಾಮರಾದ ಕಡೆ ಮಾಡಿದ. ರೇಣು ಮುಖ ತಿರುಗಿಸಿದಳು. "ಇನ್ನೊಮ್ಮೆ ಮಾಡ್ರಿ, ಸರಿಯಾಗಿ ಬರ್ಲಿಲ್ಲ," ಎಂದ ಫೋಟೊದವನು. "ಈಗ ನಮ್ಮ ಪಾಳಿ," ಎಂದು ಸುಭಾಸ ಮುಂದೆ ನುಗ್ಗಿದ. ಅವರ ಹಿಂದೆ ಒಬ್ಬ ಹುಡುಗ ದೇಶ ಒಂದಾಗಬೇಕು ಎಂದು ಬರೆದ ಬ್ಯಾನರು ಹಿಡಿದು ನಿಂತಿದ್ದ; ಹಿಡಿಯಲು ಇನ್ನೊಬ್ಬ ಸಿಗದೆ ಅದು ಅರ್ಧಕ್ಕೆ ಜೋತುಬಿದ್ದಿತ್ತು.

"ಆತೇನು ನಿಮ್ಮ ಫೋಟೊ?" ಪದ್ಮವ್ವ ಸೆರಗು ಸಿಕ್ಕಿಸಿದಳು. "ಈಗ ಎಲ್ಲಾರೂ ಕುಂದರ್ರಿ. ಬುತ್ತಿ ತಂದವರು ಕೂಡಿ ಉಣಬೇಕು. ಶೆಟ್ಟೆವ್ವ, ನಿಮ್ಮ ಮನಿ ಉಣ್ಣೋ ಗಂಗಾಳ ತಗಿ. ತಂಬಿಗ್ಯಾಗ ನೀರು ತುಂಬಿಡು."

ಸ್ಟೀಲಿನ ಗಂಗಾಳಗಳು ಸಾಲಾಗಿ ಬಂದವು. ಮುಖಂಡರು ಅವುಗಳ ಕಡೆ ಒಮ್ಮೆ, ಜೀಪಿನಲ್ಲಿದ್ದ ಬಾಟಲಿ ನೀರಿನ ಕಡೆ ಒಮ್ಮೆ ನೋಡಿದರು.

"ನಂದು ಇವತ್ತ ಉಪಾಸ ಐತಿ, ಪದ್ಮಕ್ಕ," ಎಂದ ಶ್ರೀಶೈಲ.

"ಮುಂಜಾನೆ ನನ್ನ ಕಡೆ ನಾಕು ರೊಟ್ಟಿ ಹೊಡದ್ಯಲ್ಲ, ಅದ್ಯಾವ ದೇವರ ಉಪಾಸೋ?"

"ನನಗ ಶುಗರ್. ಡಾಕ್ಟರ್ ಹೊರಗಿಂದು ಉಣಬ್ಯಾಡ ಅಂದಾರ," ಎಂದ ಸುಭಾಸ.

"ನಿನ್ನೆ ಹೋಳಿಗಿ ಬೇಡಾಕ ಬಂದಾಗ ಎಲ್ಲಿ ಹೋಗಿತ್ತೋ ಆ ಶುಗರ್?"

ಇಬ್ಬರಿಗೂ ಒಮ್ಮೆಲೇ ಫೋನು ಬಂದವು, ರಿಂಗಾದದ್ದು ಯಾರಿಗೂ ಕೇಳಿಸಲಿಲ್ಲ. ಇಕ್ಕಟ್ಟಾದ ಓಣಿಯಲ್ಲಿ ಒಬ್ಬ ಹಿಂದೆ ಸರಿದು ಇನ್ನೊಬ್ಬನ ಜೀಪಿಗೆ ದಾರಿ ಬಿಟ್ಟುಕೊಟ್ಟ. ಆ ಬಾಂಬು ಸಿಡಿದ ಮೇಲೆ ನಮ್ಮ ತಾಲೂಕಿನಲ್ಲಿ ಕಂಡ ಮೊದಲ ರಾಷ್ಟ್ರೀಯ ಐಕ್ಯತೆ ಅದು. ಪದ್ಮವ್ವನನ್ನು ಮರಳಿ ಕರೆದೊಯ್ಯಬೇಕೆಂಬುದು ಯಾರಿಗೂ ನೆನಪಾಗಲಿಲ್ಲ.

ಮನೆ ಖಾಲಿಯಾಯಿತು. ಪದ್ಮವ್ವ ಗೆದ್ದವಳ ಹಾಗೆ ಒಂದು ಗಂಗಾಳಕ್ಕೆ ಬೇಳೆ ಬಡಿಸಿಕೊಂಡು, ರೊಟ್ಟಿ ಮುರಿದು ಅದರಲ್ಲಿ ಅದ್ದಿ ರೇಣುವಿನ ಮುಂದೆ ಕುಳಿತಳು. "ಹೋದ್ರು ಆ ಭಾಡ್ಯಾಗೋಳು. ಈಗರ ಉಣ್ಣವಾ ನನ್ನವ್ವ."

ರೇಣು ಮೊದಲ ಸಲ ಬಾಯಿ ಬಿಟ್ಟಳು. "ನೀ ಉಣ್ಣತಿಯೇನು?"

ಪದ್ಮವ್ವನ ಕೈ ನಿಂತಿತು.

"ಈ ಕೂಸಿನಪ್ಪ ನಿನ್ನ ಖಾನಾವಳಿಗೆ ಬಂದಾಗೆಲ್ಲ ಹೊರಗಿನ ಬೆಂಚಿನ ಮ್ಯಾಲೆ ಕುಂದರಸ್ತಿದ್ದಿ. ಒಳಗ ಜಾಗಾ ಇದ್ರೂನೂ. ರೊಟ್ಟಿ ಮಾತ್ರ ಭಾಳ ಚಲೋ ಮಾಡ್ತಾಳ ಅಂತಿದ್ದ."

ಪದ್ಮವ್ವನಿಗೂ ಒಂದು ಉಪವಾಸ, ಒಂದು ಶುಗರು ಸಿಗಬಹುದಿತ್ತು. ಒಂದು ಕ್ಷಣ ಹುಡುಕಿದಳೆಂದೇ ನನ್ನ ಅನುಮಾನ. ಕೂಸು ಮತ್ತೆ ಕುಂಯ್ ಎಂದಿತು.

"ತಪ್ಪಾತು ತಂಗಿ," ಎಂದಳು ಪದ್ಮವ್ವ. ಆ ಮನೆಯ ತಂಬಿಗೆ ಎತ್ತಿ ನೀರು ಕುಡಿದಳು. ಕೈಯಲ್ಲಿದ್ದ ತುತ್ತು ತನ್ನ ಬಾಯಿಗಿಟ್ಟುಕೊಂಡಳು.

ಅವಳು ನುಂಗುವವರೆಗೆ ರೇಣು ನೋಡಿದಳು. ಆಮೇಲೆ ಅದೇ ಗಂಗಾಳಕ್ಕೆ ಕೈ ಹಾಕಿದಳು.