ಅವ್ವ ಕೊಟ್ಟ ಎಲೆ

ಸವಣೂರಿನಾಚೆ ನಮ್ಮ ಎಲೆಬಳ್ಳಿ ತೋಟದ ಬದುವಿಗೆ ಹೊಂದಿಕೊಂಡು ಒಂದು ಮೆಕ್ಕೆಜೋಳದ ಗಿರಣಿ ಇದೆ. ಅದರ ಹಿಂದೆ ಎಣ್ಣೆ ಸುಟ್ಟು ಕರೆಂಟು ಮಾಡುವ ಸಣ್ಣ ಸ್ಥಾವರ. ಸಣ್ಣದು ಎಂದು ಎಲ್ಲರೂ ಹೇಳುತ್ತಾರೆ. ತಮ್ಮ ಅಂಗಳದಲ್ಲಿ ಇಟ್ಟುಕೊಂಡು ನೋಡಲಿ, ಎಷ್ಟು ಸಣ್ಣದೆಂದು ತಿಳಿಯುತ್ತದೆ. ಅದು ಕುಡಿಯುವುದು ಡಾಂಬರಿನಂಥ ಕಪ್ಪು ಎಣ್ಣೆ, ಉಗುಳುವುದು ಜಿಡ್ಡಿನ ಮಸಿ. ಬೆಳಕು ಗಿರಣಿಗೆ, ಮಸಿ ನಮಗೆ. ನಮ್ಮ ಪಂಪಿಗೆ ಇವತ್ತಿಗೂ ಕರೆಂಟು ಬಂದಾಗ ಬಂತು.

ಅದನ್ನು ಕಟ್ಟುವ ಮೊದಲು ಗಿರಣಿಯ ಮ್ಯಾನೇಜರ್ ತೋಟದವರ ಒಪ್ಪಿಗೆ ಕೇಳುತ್ತ ತಿರುಗಿದ. ನಮ್ಮ ಮನೆಗೂ ಬಂದ. ಹೊಗೆ ಬಂದರೆ ಎಲೆ ಉಳಿಯುವುದಿಲ್ಲ, ನಾವು ಒಪ್ಪುವುದಿಲ್ಲ ಎಂದು ಮುಖಕ್ಕೇ ಹೇಳಿದೆ. ಅವನು ನಗುತ್ತ ಚಹಾ ಕುಡಿದ. ಏಳುವಾಗ ಅವ್ವ ಎಲೆ-ಅಡಿಕೆಯ ತಟ್ಟೆ ತಂದಳು. ನಮ್ಮ ಹೊಸ್ತಿಲು ದಾಟಿ ಬಂದವರನ್ನು ಅವಳು ಎಲೆ ಕೊಡದೆ ಕಳಿಸಿದವಳಲ್ಲ. ಕೋರ್ಟಿನ ನೋಟಿಸು ತಂದವನಿಗೂ ಕೊಟ್ಟಿದ್ದಾಳೆ. ಎಲೆಯನ್ನು ಸೆರಗಿನಿಂದ ಒರೆಸಿ, ತೊಟ್ಟು ಮುರಿದು, ಅಡಿಕೆ ಇಟ್ಟು ಅವನ ಕೈಗೆ ಕೊಟ್ಟಳು.

ಆ ಪುಣ್ಯಾತ್ಮ ಉಂಡೂ ಹೋದ, ಕೊಂಡೂ ಹೋದ. ನೆಟ್ಟಗೆ ಪಕ್ಕದ ತೋಟಕ್ಕೆ ನಡೆದು, "ಅವರ ಮನ್ಯಾಗ ಎಲಿ-ಅಡಿಕಿ ಆಗೇತ್ರಿ" ಎಂದನಂತೆ. ನಮ್ಮ ಕಡೆ ಮದುವೆಯಾಗಲಿ, ಹೊಲದ ಮಾರಾಟವಾಗಲಿ, ಎಲೆ-ಅಡಿಕೆ ಆಯಿತೆಂದರೆ ಮಾತು ಮುಗಿಯಿತು. ಪರವೂರಿನವನಾದರೂ ಇಷ್ಟನ್ನು ಚೆನ್ನಾಗಿ ಕಲಿತಿದ್ದ. ನಾವೇ ಒಪ್ಪಿದ್ದೇವೆಂದು ತಿಳಿದು ಎಲ್ಲರೂ ಸಹಿ ಹಾಕಿದರು.

ಹೊಗೆ ಶುರುವಾದ ಮೇಲೆ ಎಲ್ಲರ ಸಿಟ್ಟೂ ನಮ್ಮ ಮೇಲೆ ತಿರುಗಿತು. ಶಿಗ್ಗಾವಿ ಬಸ್ಸಿನಲ್ಲಿ ನಮ್ಮನ್ನು ಕಂಡರೆ ಸರಿದು ಜಾಗ ಕೊಡುವವರಿಲ್ಲ. ನಾನು ಪಕ್ಕದ ತೋಟದ ಮುದುಕನ ಹತ್ತಿರ ಹೋಗಿ ಮ್ಯಾನೇಜರ್ ಹೇಳಿದ್ದು ಸುಳ್ಳು ಎಂದೆ.

"ನಿಮ್ಮವ್ವ ಎಲಿ ಕೊಟ್ಟಿದ್ದು ಸುಳ್ಳೇನು?" ಎಂದು ಕೇಳಿದ.

ಸುಳ್ಳಾಗಿರಲಿಲ್ಲ. ಮನೆಗೆ ತಿರುಗಿ ಬಂದೆ. ಅವ್ವ ಅಂದಿನಿಂದ ತಾನು ಎಲೆ ಹಾಕಿಕೊಳ್ಳುವುದನ್ನೇ ಬಿಟ್ಟಳು.

ಎಲೆಗೆ ಅಂಟಿದ ಮಸಿ ಬರೀ ನೀರಿಗೆ ಹೋಗುವುದಿಲ್ಲ. ಸೀಗೆಪುಡಿ ಹಾಕಿ ತೊಳೆದರೆ ಎಲೆಯೇ ಬಾಡುತ್ತದೆ. ಹಾನಗಲ್ಲಿನ ವ್ಯಾಪಾರಿ ಎಲೆಯ ಮೇಲೆ ಬೆರಳಾಡಿಸಿ ಪೆಂಡಿಯನ್ನು ನನ್ನತ್ತ ದೂಡಿದ. ಹಿರೇಕೆರೂರಿನವನು ಮುಟ್ಟಲೂ ಇಲ್ಲ. ಗಿರಣಿಯ ಕಾಲುವೆ ನೀರಿನ ಮೇಲೆ ಎಣ್ಣೆ ಬಣ್ಣಬಣ್ಣವಾಗಿ ತೇಲುತ್ತದೆ, ದನ ಮೂಸಿ ಹಿಂದೆ ಸರಿಯುತ್ತವೆ. ತಪಾಸಣೆಯವರು ಬರುವ ದಿನ ಮಾತ್ರ ಸ್ಥಾವರದ ಚಿಮಣಿ ಮದುಮಗನ ಹಾಗೆ ಚೊಕ್ಕವಾಗಿ ನಿಂತಿರುತ್ತದೆ.

ಈ ವರ್ಷ ಮ್ಯಾನೇಜರ್ ಮತ್ತೆ ಬಂದ. ಇನ್ನೊಂದು ಎಂಜಿನ್ ಕೂರಿಸಬೇಕಂತೆ, ಮತ್ತೆ ಒಪ್ಪಿಗೆ ಬೇಕಂತೆ. ನಾಚಿಕೆಯಿಲ್ಲದೆ ಮೊದಲು ನಮ್ಮ ಕಟ್ಟೆಗೇ ಬಂದು ಕೂತ. ಸುದ್ದಿ ಹಬ್ಬಿ ಅಕ್ಕಪಕ್ಕದ ತೋಟದವರು ಅಂಗಳದ ಅಂಚಿಗೆ ಬಂದು ನಿಂತರು, ಆ ಮುದುಕನೂ ಬಂದ. ಎಲ್ಲರೂ ಅವ್ವನ ಕೈ ನೋಡುತ್ತಿದ್ದರು.

ಅವ್ವ ನೀರು ಕೊಟ್ಟಳು, ಚಹಾ ಕೊಟ್ಟಳು. ಅವನು ಎದ್ದ. ರೂಢಿಯಂತೆ ಕೈ ಚಾಚಿದ. ಅವ್ವ ಒಳಗೆ ಹೋಗಲಿಲ್ಲ. ಬೆನ್ನ ಹಿಂದೆ ಇಡೀ ತೋಟ ಇತ್ತು.

"ಎಲಿ ಇಲ್ರಿ," ಎಂದಳು.

ಚಾಚಿದ ಕೈಯನ್ನು ಅವನು ಕಿಸೆಗೆ ಹಾಕಿಕೊಂಡ. ಅಂಗಳದ ಅಂಚಿನಲ್ಲಿ ನಿಂತವರು ದಾರಿ ಬಿಟ್ಟರು, ಅವನು ಯಾರ ಮುಖವನ್ನೂ ನೋಡದೆ ಗಾಡಿ ಹತ್ತಿದ. ಅವ್ವ ಜೀವಮಾನದಲ್ಲಿ ಮೊದಲ ಸಲ ಮನೆಗೆ ಬಂದವರಿಗೆ ಇಲ್ಲ ಅಂದಿದ್ದಳು.

ಆಗ ಮುದುಕ ಬೇಲಿಗೆ ಬಾಗಿದ್ದ ನಮ್ಮದೇ ಬಳ್ಳಿಯಿಂದ ಒಂದು ಎಲೆ ಚಿವುಟಿ ಧೋತರಕ್ಕೆ ಒರೆಸಿದ. ಬಿಳಿ ಧೋತರದ ಮೇಲೆ ಕರಿ ಗೆರೆ ಮೂಡಿತು. ತನ್ನ ಸಂಚಿಯಿಂದ ಅಡಿಕೆ ಸುಣ್ಣ ತೆಗೆದು ಮಡಿಚಿ ಅವ್ವನ ಮುಂದೆ ಹಿಡಿದ.

"ತಗೋಳ್ಳವ್ವ," ಎಂದ.

ಎಲೆಯ ಸುಟ್ಟ ಎಣ್ಣೆಯ ವಾಸನೆ ನನ್ನ ತನಕ ಬರುತ್ತಿತ್ತು. ಅವ್ವ ಅದನ್ನು ಬಾಯಿಗೆ ಹಾಕಿಕೊಂಡಳು, ಉಗುಳದೆ ಪೂರ್ತಿ ಅಗಿದಳು.