ಜ್ಞಾನದೇವ ಕಬ್ಬಿಣ ಎತ್ತಿದ್ದು

ಅಂಕಲಿಯ ಒಂದು ಪತ್ತಿನ ಸಂಘದಲ್ಲಿ ಜ್ಞಾನದೇವ ಗುಮಾಸ್ತನಾಗಿದ್ದ. ವಯಸ್ಸು ನಲವತ್ತರ ಹತ್ತಿರ. ಹಗಲೆಲ್ಲ ಕುರ್ಚಿ, ಸಂಜೆಗೆ ಮನೆಯ ಕಟ್ಟೆ, ಎರಡರ ನಡುವೆ ಮೋಟರ್‌ಸೈಕಲ್ಲು. ಇಷ್ಟರಲ್ಲೇ ಅವನ ದಿನ ಮುಗಿಯುತ್ತಿತ್ತು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಅಂಗಿಯ ಗುಂಡಿಯನ್ನು ಜಗ್ಗುತ್ತಿತ್ತು. ಹುಟ್ಟಾ ಅಂಜುಬುರುಕ. ಮನೆಯಲ್ಲಿ ಹಲ್ಲಿ ಬಿದ್ದರೂ ಹೆಂಡತಿ ಕಾಂಚನಳನ್ನೇ ಕರೆಯುತ್ತಿದ್ದ. ಅಂಗನವಾಡಿ ಶಿಕ್ಷಕಿಯಾದ ಕಾಂಚನ ಮಕ್ಕಳನ್ನು ಗದರಿಸಿ ಗದರಿಸಿ ಗಟ್ಟಿಯಾದವಳು. ಹಲ್ಲಿಯನ್ನು ಕಸಬರಿಗೆಯಿಂದ ಆಚೆ ನೂಕಿ, ಏನೂ ಆಗದವಳಂತೆ ರೊಟ್ಟಿ ಬಡಿಯಲು ಹೋಗುತ್ತಿದ್ದಳು.

ಆ ಬೇಸಿಗೆಯಲ್ಲಿ ಅವನ ಅವ್ವ ತುಳಸವ್ವನಿಗೆ ವಿಪರೀತ ಜ್ವರ ಬಂತು. ಚಿಕ್ಕೋಡಿಯ ಒಂದು ಖಾಸಗಿ ದವಾಖಾನೆಗೆ ಕರೆದುಕೊಂಡು ಹೋದ. ಡಾಕ್ಟರರ ಕೋಣೆ ಮಹಡಿಯ ಮೇಲೆ. ತುಳಸವ್ವನಿಗೆ ನಿಲ್ಲಲೂ ತ್ರಾಣವಿರಲಿಲ್ಲ. ಜ್ಞಾನದೇವ ಅವಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಮೆಟ್ಟಿಲು ಹತ್ತಿದ. ಅವಳು ಹಗುರಾದ ಮುದುಕಿ, ಹಿಡಿ ಜೀವ. ಆದರೂ ತಿರುವಿನಲ್ಲಿ ಅವನ ತೊಡೆ ಗಡಗಡ ನಡುಗಿ, ಇಬ್ಬರೂ ಮೆಟ್ಟಿಲ ಮೇಲೆ ಕುಸಿದು ಕುಳಿತರು. ಕಾವಲುಗಾರ ಓಡಿಬಂದು ಮುದುಕಿಯನ್ನು ಎತ್ತಿಕೊಂಡು ಸರಸರನೆ ಮೇಲೆ ಹೋದ. ಅವನ ಹೆಗಲ ಮೇಲಿಂದ ತುಳಸವ್ವ ಹೇಳುತ್ತಿದ್ದುದು ಜ್ಞಾನದೇವನಿಗೆ ಕೇಳಿಸಿತು.

"ನನ್ನ ಮಗನ್ನ ಬೈಬ್ಯಾಡಪ್ಪಾ. ಪಾಪ, ಅವನ ಮೈಯಾಗ ಸತ್ವಾನ ಇಲ್ಲ."

ಬೈದಿದ್ದರೆ ಮರೆಯುತ್ತಿದ್ದನೇನೋ. ಆ ಪಾಪ ಎನ್ನುವ ಮಾತು ಮಾತ್ರ ಮುಳ್ಳಿನಂತೆ ಒಳಗೇ ಉಳಿಯಿತು. ಅವ್ವ ಗುಣವಾಗಿ ಮನೆಗೆ ಬಂದ ಮೇಲೆ ಅವನು ಯಾರಿಗೂ ಹೇಳದೆ ಚಿಕ್ಕೋಡಿಯ ಒಂದು ಜಿಮ್ಮಿಗೆ ಹೆಸರು ಹಚ್ಚಿದ.

ಮೊಬೈಲ್ ಅಂಗಡಿಯ ಮೇಲಿನ ಉದ್ದನೆಯ ಕೋಣೆ ಅದು. ಕಲಿಸುವವನು ಸಂಭಾಜಿ, ಇಪ್ಪತ್ತೈದರ ಹುಡುಗ. ಅಪ್ಪ ಪೈಲವಾನನಾಗಿದ್ದವನು, ಮಗನಿಗೂ ಗೂಳಿಯಂಥ ಕತ್ತು. ಸುತ್ತಲೂ ಸೈನ್ಯದ ಭರ್ತಿಗೆ ತಯಾರಾಗುತ್ತಿದ್ದ ಹುಡುಗರು. ಕಬ್ಬಿಣದ ಚಕ್ರಗಳು ನೆಲಕ್ಕೆ ಬಡಿದಾಗಲೆಲ್ಲ ಜ್ಞಾನದೇವನ ಎದೆ ಧಸಕ್ ಎನ್ನುತ್ತಿತ್ತು. ಹಿಂದಿರುಗಿ ಇಳಿದುಬಿಡಬೇಕೆನ್ನುವಷ್ಟರಲ್ಲಿ ಸಂಭಾಜಿ ಅವನ ಹೆಗಲ ಮೇಲೆ ಕೈ ಇಟ್ಟ.

"ಮೊದಲನೇ ದಿನಾನ ಜೋರ ಮಾಡಬೇಕ್ರಿ ಸರ. ಅಂದ್ರ ಮೈ ದಾರಿಗೆ ಬರ್ತೈತಿ."

ಅಂದು ಗುರುವಾರ, ಜ್ಞಾನದೇವನ ಉಪವಾಸ. ಬೆಳಿಗ್ಗೆ ತಿಂದ ಬಾಳೆಹಣ್ಣು ಬಿಟ್ಟರೆ ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಅದನ್ನು ಹೇಳಲು ನಾಚಿಕೆಯಾಯಿತು. ಹೆಗಲ ಮೇಲೆ ಕಬ್ಬಿಣದ ಸರಳು ಇಟ್ಟುಕೊಂಡು, ಕೂತು ಏಳುವ ಬೈಠಕ್ ಹೊಡೆಯಲು ಶುರುಮಾಡಿದ. ಕಾಲು ನಡುಗಿತು. ಬೆವರು ಕಣ್ಣಿಗಿಳಿಯಿತು. ನಿಲ್ಲಿಸುತ್ತೇನೆ ಅಂದಾಗಲೆಲ್ಲ ಸಂಭಾಜಿ ಚಪ್ಪಾಳೆ ತಟ್ಟುತ್ತಿದ್ದ.

"ಅಜೂನ್ ಏಕ್ ಸರ! ಅಜೂನ್ ಏಕ್!"

ಇನ್ನೊಂದು, ಇನ್ನೊಂದು ಎಂದು ಹುಡುಗರೂ ದನಿಗೂಡಿಸಿದರು. ಅಷ್ಟು ಜನ ತನಗಾಗಿ ಕೂಗಿದ್ದು ಜ್ಞಾನದೇವನ ಜನ್ಮದಲ್ಲಿ ಅದೇ ಮೊದಲು. ಕಣ್ಣಿಗೆ ಕತ್ತಲೆ ಬಂದು ಗೋಡೆಗೆ ಆನಿಕೊಳ್ಳುವವರೆಗೂ ಅವನು ನಿಲ್ಲಿಸಲಿಲ್ಲ.

ಮರುದಿನ ಏಳಲು ಗೋಡೆ ಹಿಡಿಯಬೇಕಾಯಿತು. ಹೊಸದರಲ್ಲಿ ನೋವು ಸಹಜವೆಂದು ಎಲ್ಲರೂ ಹೇಳುತ್ತಾರಲ್ಲ ಎಂದುಕೊಂಡು ಔಷಧದ ಅಂಗಡಿಯಿಂದ ನೋವಿನ ಗುಳಿಗೆ ತಂದು ನುಂಗಿದ. ಕಡಿಮೆಯಾಗದಿದ್ದಾಗ ಮತ್ತೆ ನುಂಗಿದ. ಶನಿವಾರದ ಹೊತ್ತಿಗೆ ತೊಡೆಗಳು ಬಾತು, ಗಾಳಿ ತುಂಬಿದ ಟಯರಿನಂತೆ ಬಿಗಿದುಕೊಂಡವು. ಬೆರಳಿನಿಂದ ಮುಟ್ಟಿದರೂ ಪ್ರಾಣ ಹೋದಂತಾಗುತ್ತಿತ್ತು.

ಅಂದು ಬೆಳಿಗ್ಗೆ ಪಾಯಖಾನೆಯಲ್ಲಿ ಅವನು ನೋಡಬಾರದ್ದನ್ನು ನೋಡಿದ. ಮೂತ್ರ ಹಾಲಿಲ್ಲದ ಚಹಾದಂತೆ ಕಂದು ಬಣ್ಣಕ್ಕೆ ತಿರುಗಿತ್ತು.

ಮೊದಲು ತಂಬಿಗೆ ತುಂಬ ನೀರು ಸುರಿದು ಅದನ್ನು ತೊಳೆದ. ಕಾಂಚನಳ ಕಣ್ಣಿಗೆ ಬಿದ್ದೀತೆಂದು ಇನ್ನೂ ಎರಡು ತಂಬಿಗೆ ಸುರಿದ. ಆಮೇಲೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಒಳಗೆ ಏನೋ ಹರಿದಿದೆ, ಅದು ರಕ್ತವೇ ಇರಬೇಕು ಅನ್ನಿಸಿತು.

ಅವನ ಭಯಕ್ಕೆ ಒಂದು ಮುಖವೂ ಇತ್ತು. ಎದುರು ಮನೆಯ ಬಾಪುಸಾಹೇಬ ಒಂದು ಕಾಲಕ್ಕೆ ಎಣ್ಣೆಯ ಅಂಗಡಿ ನಡೆಸಿದ ದಢೂತಿ ಮನುಷ್ಯ. ಕಿಡ್ನಿ ಕೆಟ್ಟ ಮೇಲೆ ವಾರವಾರವೂ ಮಿರಜಿಗೆ ರಕ್ತ ಶುದ್ಧ ಮಾಡಿಸಿಕೊಳ್ಳಲು ಹೋಗುತ್ತಿದ್ದ. ಈಗ ಜೋಳದ ದಂಟಿನಂತಾಗಿದ್ದ. ಜ್ಞಾನದೇವ ಹೊರಗೆ ಬಂದಾಗ ಎದುರಿಗೆ ಮಿರಜಿಗೆ ಹೋಗುವ ಗಾಡಿ ನಿಂತಿತ್ತು. ಮಗ ಅವನ ರಟ್ಟೆ ಹಿಡಿದು ಹತ್ತಿಸುತ್ತಿದ್ದ. ಬಾಪುಸಾಹೇಬ ಇವನನ್ನು ನೋಡಿ ನಕ್ಕ.

"ಯಾಕೋ ಜ್ಞಾನದೇವ, ಕುಂಟಾಕತ್ತಿ?"

"ಏನಿಲ್ರಿ ಕಾಕಾ, ಹಂಗ..." ಎಂದು ಜ್ಞಾನದೇವ ಒಳಗೆ ಓಡಲು ನೋಡಿದ. ಕಾಲು ಓಡಲಿಲ್ಲ.

ಆ ದಿನವಿಡೀ ಅವನು ನೀರು ಕುಡಿಯಲಿಲ್ಲ. ಕುಡಿದರೆ ಮತ್ತೆ ಪಾಯಖಾನೆಗೆ ಹೋಗಬೇಕು, ಹೋದರೆ ಮತ್ತೆ ಅದನ್ನು ನೋಡಬೇಕು. ಊಟದ ಡಬ್ಬಿಯನ್ನು ತೆರೆಯಲೇ ಇಲ್ಲ. ಸಂಘದಲ್ಲಿ ಕುಳಿತು ಮೊಬೈಲ್ ತೆಗೆದು ಹುಡುಕಿದ. ಮೊದಲ ಸಾಲಿನಲ್ಲೇ ಕಿಡ್ನಿ ಎಂಬ ಶಬ್ದ ಕಂಡು ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕಿದ. ತಾನು ಸತ್ತರೆ ಅವ್ವನಿಗೆ ಯಾರು ಹೇಳುತ್ತಾರೆ, ಹೇಗೆ ಹೇಳುತ್ತಾರೆ ಎಂಬುದೇ ತಲೆಯಲ್ಲಿ ಸುತ್ತುತ್ತಿತ್ತು. ಡಾಕ್ಟರರ ಬಳಿ ಹೋಗಬೇಕೆಂದು ಗೊತ್ತಿತ್ತು. ಆದರೆ ಅವರ ಬಾಯಿಂದ ಅದನ್ನು ಕೇಳುವವರೆಗೆ ತನಗೇನೂ ಆಗಿಲ್ಲ ಎಂಬ ಹುಚ್ಚು ಆಸೆಯೊಂದು ಅವನನ್ನು ಕುರ್ಚಿಗೆ ಕಟ್ಟಿಹಾಕಿತ್ತು.

ಸಂಜೆ ಮನೆಗೆ ಬಂದು ಪಾಯಖಾನೆಗೆ ಹೋದವನು ಕುಕ್ಕರಗಾಲಲ್ಲಿ ಕುಳಿತ. ಏಳಲು ಆಗಲೇ ಇಲ್ಲ. ನಳ ಹಿಡಿದ, ಗೋಡೆ ಹಿಡಿದ. ಕಾಲುಗಳು ತನ್ನವೇ ಅಲ್ಲವೇನೋ ಎಂಬಂತೆ ಅಲ್ಲೇ ಬಿದ್ದಿದ್ದವು. ಕೊನೆಗೆ ಪಕ್ಕಕ್ಕೆ ಉರುಳಿ ಬಕೆಟ್ಟಿಗೆ ತಲೆ ಬಡಿಸಿಕೊಂಡ.

ಸದ್ದು ಕೇಳಿ ಕಾಂಚನ ಬಂದಳು. "ರೀ! ಏನಾತ್ರಿ? ಬಾಗ್ಲಾ ತಗೀರಿ!"

"ತಗ್ಯಾಕ ಬರವಲ್ದು," ಎಂದ. ದನಿ ಮಗುವಿನಂತಿತ್ತು.

ಅವಳು ಹೆಗಲು ಕೊಟ್ಟು ನೂಕಿದಳು. ತೆಳುವಾದ ಚಿಲಕ ಕಿತ್ತು ಬಂತು. ಗಂಡನನ್ನು ನೋಡಿದಳು, ಅವನ ಪಕ್ಕದಲ್ಲಿದ್ದ ಕಂದು ನೀರನ್ನು ನೋಡಿದಳು. ಒಂದು ಕ್ಷಣ ಅವಳ ಮುಖವೂ ಬಿಳುಚಿತು. ಕಾಂಚನ ಹೆದರಿದ್ದನ್ನು ಅವನು ಅದುವರೆಗೆ ಕಂಡಿರಲಿಲ್ಲ. ಅದನ್ನು ಕಂಡ ಮೇಲೆ ಅವನಿಗೆ ಉಳಿದಿದ್ದ ಧೈರ್ಯವೂ ಹೋಯಿತು.

"ಎಂದಿನಿಂದ ಹಿಂಗೈತಿ?"

"ಮುಂಜಾನಿಂದ."

"ಮುಂಜಾನಿಂದ ಬಾಯಿ ಮುಚ್ಕೊಂಡ ಕುಂತೀರಿ? ನಿಮ್ಮ ಬುದ್ಧಿಗೆ ಏನ್ ಅನ್ಲಿ ನಾನು!"

ಬೈಯುತ್ತಲೇ ಅವನನ್ನು ಎಬ್ಬಿಸಿ ಲುಂಗಿ ಸುತ್ತಿದಳು. ತುಳಸವ್ವ ಬಾಗಿಲಲ್ಲಿ ನಿಂತು, "ನನ್ನ ಮಗಗ ಯಾರ ದೃಷ್ಟಿ ತಾಗಿತೋ," ಎಂದು ಅಳತೊಡಗಿದಳು. ಕಾಂಚನ ಸ್ಕೂಟಿ ತೆಗೆದಳು. ಹಿಂದೆ ಕುಳಿತ ಜ್ಞಾನದೇವ ಅವಳ ಹೆಗಲನ್ನು ಗಟ್ಟಿಯಾಗಿ ಹಿಡಿದುಕೊಂಡ. ರಸ್ತೆಯ ಒಂದೊಂದು ತಗ್ಗಿಗೂ ತೊಡೆಯೊಳಗೆ ಕತ್ತಿ ಆಡಿಸಿದಂತಾಗುತ್ತಿತ್ತು. ಕಬ್ಬಿನ ಗದ್ದೆಗಳು, ಇಟ್ಟಿಗೆ ಭಟ್ಟಿಗಳು, ದಿನವೂ ನೋಡುವ ಅದೇ ಮರಗಳು ಹಿಂದೆ ಸರಿದವು. ಇವನ್ನೆಲ್ಲ ಮತ್ತೆ ನೋಡುತ್ತೇನೋ ಇಲ್ಲವೋ ಎಂದು ಅವನು ಒಂದೊಂದನ್ನೂ ಕಣ್ಣಗಲಿಸಿ ನೋಡಿದ.

ಚಿಕ್ಕೋಡಿಯ ದವಾಖಾನೆಯಲ್ಲಿದ್ದವರು ಡಾಕ್ಟರ್ ರಾಜೇಶ್ವರಿ. ಕಥೆ ಪೂರ್ತಿ ಕೇಳಿ, ತೊಡೆ ಒತ್ತಿ ನೋಡಿ, ರಕ್ತ ತೆಗೆಸಿ, ಕೂಡಲೇ ಸಲೈನ್ ಹಚ್ಚಿಸಿದರು.

"ಇದು ರಕ್ತ ಅಲ್ರಿ," ಎಂದರು. "ರೂಢಿ ಇಲ್ಲದ ಮೈಗೆ ಒಮ್ಮೆಲೇ ಅತೀ ದುಡಿತ ಬಿದ್ದೈತಿ. ಸ್ನಾಯು ಒಡದು, ಅದರಾಗಿನ ಅಂಶ ರಕ್ತಕ್ಕ ಸೇರೇತಿ. ಅದನ್ನ ಸೋಸೋದು ಕಿಡ್ನಿ. ಅದಕ್ಕ ಭಾರ ಬಿದ್ದೈತಿ. ಗುಳಿಗೆ ಏನರ ತಗೊಂಡ್ರೇನು?"

ಜ್ಞಾನದೇವ ನೋವಿನ ಗುಳಿಗೆಯ ಹೆಸರು ಹೇಳಿದ. ಡಾಕ್ಟರಬಾಯಿಯ ಹುಬ್ಬು ಗಂಟಿಕ್ಕಿತು.

"ಅದು ಕಿಡ್ನಿಗೆ ಇನ್ನೊಂದು ಪೆಟ್ಟು. ನೀರರ ಕುಡದೀರೋ?"

"ಅಂಜಿ ಕುಡಿಲಿಲ್ರಿ."

"ಅಂಜಿದ್ರ ಇಲ್ಲಿಗೆ ಓಡಿ ಬರಬೇಕ್ರಿ, ನೀರು ಬಿಡೂದಲ್ಲ."

"ನಾ ಉಳೀತೀನ್ರಿ?" ಎಂದು ಕೇಳಿದ. ಪಕ್ಕದ ಹಾಸಿಗೆಯವರೂ ತಿರುಗಿ ನೋಡಿದರು.

"ಉಳೀತೀರಿ. ಆದ್ರ ಕಿಡ್ನಿ ಎಷ್ಟು ನೊಂದೈತಿ ಅನ್ನೋದು ರಿಪೋರ್ಟ್ ಬಂದ ಮ್ಯಾಲೆ ಹೇಳ್ತೀನಿ. ಸುಳ್ಳು ಧೈರ್ಯ ಕೊಡೂದಿಲ್ಲ."

ರಿಪೋರ್ಟಿಗೆ ಕಾದ ಹೊತ್ತಿನಷ್ಟು ಉದ್ದದ ಹೊತ್ತನ್ನು ಜ್ಞಾನದೇವ ಬೇರೆಂದೂ ಕಂಡಿರಲಿಲ್ಲ. ಸಲೈನಿನ ಹನಿ ನೋಡುತ್ತ ಮಲಗಿದ್ದ. ಹೊರಗೆ ಯಾರ ಚಪ್ಪಲಿ ಸದ್ದಾದರೂ ಬಾಗಿಲ ಕಡೆ ಕತ್ತು ಎತ್ತುತ್ತಿದ್ದ. ಕಾಂಚನ ಅವನ ಪಾದ ಹಿಡಿದು ಕುಳಿತಿದ್ದಳು. ಆಕೆಯ ಬೆರಳು ತಣ್ಣಗಿದ್ದವು.

ರಿಪೋರ್ಟ್ ಬಂತು. ಕಿಡ್ನಿಗೆ ಪೆಟ್ಟು ಬಿದ್ದದ್ದು ನಿಜ, ಆದರೆ ಸಣ್ಣದು. ನೀರು ಹರಿಸುತ್ತ ಹೋದರೆ ತಾನಾಗಿ ಸರಿಹೋಗಬಹುದು ಎಂದರು. ಸರಿಹೋಗಬಹುದು ಎಂದಿದ್ದರೇ ಹೊರತು ಸರಿಹೋಗುತ್ತದೆ ಎಂದಿರಲಿಲ್ಲ. ಆ ಒಂದು ಶಬ್ದವನ್ನೇ ಜಗಿಯುತ್ತ ಜ್ಞಾನದೇವ ಮಲಗಿದ. ಮುಂದಿನ ದಿನಗಳಲ್ಲಿ ಕಂದು ಬಣ್ಣ ತಿಳಿಯಾಗುತ್ತ ಬಂತು. ಒಮ್ಮೊಮ್ಮೆ ಅವನು ಕಣ್ಣು ಮುಚ್ಚಿಕೊಂಡೇ ಮೂತ್ರದ ಪಾತ್ರೆಯನ್ನು ದಾದಿಯ ಕೈಗೆ ಕೊಡುತ್ತಿದ್ದ.

ಸುದ್ದಿ ಕೇಳಿ ಸಂಭಾಜಿಯೂ ದವಾಖಾನೆಗೆ ಬಂದ. ಬಾಗಿಲಲ್ಲೇ ನಿಂತಿದ್ದ. ಆ ಗೂಳಿ ಕತ್ತು ಬಗ್ಗಿತ್ತು. ಕಾಂಚನ ಎದ್ದು ನಿಂತಳು.

"ಬಾ ಒಳಗ. ನೋಡು, ನೀ ಕಲಿಸಿದ್ದು."

"ವಹಿನಿ, ನನಗ ಖರೇನ ಗೊತ್ತಿರಲಿಲ್ರಿ," ಎಂದ. ತುಟಿ ಅದುರುತ್ತಿತ್ತು. "ನಮ್ಮಪ್ಪ ನನಗ ಹಿಂಗ ಕಲಿಸಿದ್ದ. ನಾ ಸಣ್ಣಾವ ಇದ್ದಾಗಿಂದ ಬೈಠಕ್ ಹೊಡದಾವ. ಇವ್ರ ಕುರ್ಚಿ ಮ್ಯಾಲಿನ ಮಂದಿ ಅಂತ ನನ್ನ ಧ್ಯಾನಕ್ಕ ಬರಲಿಲ್ಲ. ನಿನ್ನೆಯಿಂದ ಜಿಮ್ಮಿನ ಬಾಗ್ಲಾ ತಗದಿಲ್ಲ. ಅಂಜಿಕಿ ಬಂದೈತ್ರಿ."

ಜ್ಞಾನದೇವನಿಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು. ಆದರೆ ತನಗಿಂತ ದುಪ್ಪಟ್ಟು ಇರುವ ಮನುಷ್ಯ ತನ್ನ ಹಾಗೆಯೇ ನಡುಗುವುದನ್ನು ನೋಡಿ ಸಿಟ್ಟು ಬರಲಿಲ್ಲ. "ಕೂಡೋ," ಎಂದ.

ಮನೆಗೆ ಕಳಿಸುವಾಗ ಡಾಕ್ಟರಬಾಯಿ ದಿನಕ್ಕೆ ಏನೇನು ತಿನ್ನುತ್ತೀರಿ ಎಂದು ಕೇಳಿದರು. ಬೆಳಿಗ್ಗೆ ಚಹಾ ಮತ್ತು ಖಾರಿ ಬಿಸ್ಕೀಟು, ಮಧ್ಯಾಹ್ನ ರೊಟ್ಟಿ ಪಲ್ಯ, ಸಂಜೆ ಖಾರದ ಚುರುಮುರಿಯ ಭಡಂಗ, ರಾತ್ರಿ ಅನ್ನ ಎಂದ.

"ಮೈ ಕಟ್ಟೂದು ಕಬ್ಬಿಣ ಅಲ್ರಿ, ಊಟ. ಕಾಳು ಎಲ್ಲೈತಿ ಇದರಾಗ? ಹಾಲು, ಮೊಸರು, ತತ್ತಿ?"

"ಅವನ್ನ ತಿಂದ್ರ ಕಿಡ್ನಿಗೆ ತ್ರಾಸ ಆಗೂದಿಲ್ರಿ?"

"ನಿಮ್ಮ ಕಿಡ್ನಿ ಈಗ ಸುಧಾರಿಸೇತಿ. ಮನಿ ಊಟದಿಂದ ಏನೂ ಆಗೂದಿಲ್ಲ. ಮೈ ಬೆಳಸೋ ಡಬ್ಬಿ ಪುಡಿ ಮುಟ್ಟಬ್ಯಾಡ್ರಿ. ಒಂದಿಷ್ಟು ದಿನ ಬರೇ ನಡೀರಿ. ಇನ್ನೊಮ್ಮೆ ರಕ್ತ ನೋಡಿ ಹೇಳ್ತೀನಿ. ಆಮ್ಯಾಲೆ ಮತ್ತ ಶುರು ಮಾಡ್ರಿ, ಸಾವಕಾಶ."

ಮತ್ತ ಶುರು ಮಾಡ್ರಿ ಎಂಬ ಮಾತು ಕೇಳುತ್ತಲೇ ಅವನು ಎದ್ದು ಚಪ್ಪಲಿ ಹುಡುಕತೊಡಗಿದ.

ಮನೆಯಲ್ಲಿ ಕಾಂಚನ ಅಡುಗೆಯನ್ನೇ ತಿರುಗಿಸಿಬಿಟ್ಟಳು. ಬೆಳಿಗ್ಗೆ ಮೊಳಕೆ ಬರಿಸಿದ ಮಡಕಿ ಕಾಳಿನ ಉಸಳಿ, ಬೇಯಿಸಿದ ತತ್ತಿ. ಮಧ್ಯಾಹ್ನದ ಡಬ್ಬಿಯಲ್ಲಿ ರೊಟ್ಟಿಯ ಜೊತೆ ಕಡಲೆಹಿಟ್ಟಿನ ಜುಣಕ, ಗಟ್ಟಿ ಮೊಸರು, ಶೇಂಗಾ ಚಟ್ನಿ. ಭಡಂಗದ ಬದಲು ಹುರಿದ ಕಡಲೆ. ಗುರುವಾರದ ಉಪವಾಸವನ್ನು ತುಳಸವ್ವನೇ ಬಿಡಿಸಿದಳು: "ದೇವರಿಗೆ ನಾ ಹೇಳ್ತೀನಿ, ನೀ ಉಣ್ಣು." ಅವನು ಉಂಡ. ಆದರೆ ಪ್ರತಿ ತುತ್ತಿಗೂ ಒಳಗೆ ಏನಾಗುತ್ತಿದೆಯೋ ಎಂದು ಕಿವಿಗೊಡುತ್ತಿದ್ದ. ಕಾಲು ಚುಳ್ಳೆಂದರೆ ಬೆವರುತ್ತಿದ್ದ. ಬಾಪುಸಾಹೇಬನ ಗಾಡಿ ಬಂದಾಗ ಕಿಟಕಿ ಹಾಕುತ್ತಿದ್ದ.

ಎರಡನೆಯ ಸಲದ ರಕ್ತ ಸ್ವಚ್ಛ ಬಂತು. ಡಾಕ್ಟರಬಾಯಿ ಒಪ್ಪಿಗೆ ಕೊಟ್ಟರು. ಆಮೇಲೂ ಎಷ್ಟೋ ದಿನ ಅವನು ಜಿಮ್ಮಿನ ಮೆಟ್ಟಿಲವರೆಗೆ ಹೋಗಿ ವಾಪಸು ಬಂದ. ಮೇಲಿನಿಂದ ಕಬ್ಬಿಣ ಬಡಿದ ಸದ್ದು ಕೇಳಿದರೆ ಸಾಕು, ಕಂದು ನೀರು ಕಣ್ಣಿಗೆ ಕಟ್ಟುತ್ತಿತ್ತು. ಒಂದು ದಿನ ಸಂಭಾಜಿ ತಾನೇ ಕೆಳಗಿಳಿದು ಬಂದ.

"ಡಾಕ್ಟರಬಾಯಿ ಕಡೆ ಹೋಗಿ ಕೇಳ್ಕೊಂಡ ಬಂದೀನ್ರಿ ಸರ. ಇವತ್ತ ಕಬ್ಬಿಣ ಇಲ್ಲ. ಬರೇ ಬಾಕಿನ ಮ್ಯಾಲೆ ಕೂತು ಏಳೂದು. ನೀವು ಸಾಕ ಅಂದ್ರ ಸಾಕು."

ಜ್ಞಾನದೇವ ಆ ಮರದ ಬೆಂಚಿನ ಮೇಲೆ ಕೂತು ಎದ್ದ. ಕೆಲವು ಸಲ ಆದಮೇಲೆ ಸಂಭಾಜಿಯೇ, "ಬಸ್ ಸರ, ನೀರ ಕುಡೀರಿ," ಎಂದ. ಇಷ್ಟೇನಾ ಎಂದುಕೊಂಡರೂ ಎದೆ ಹೊಡೆದುಕೊಳ್ಳುತ್ತಿತ್ತು. ಮರುದಿನ ಬೆಳಿಗ್ಗೆ ಪಾಯಖಾನೆಗೆ ಹೋಗುವಾಗ ಕಾಂಚನಳನ್ನು ಬಾಗಿಲ ಹೊರಗೆ ನಿಲ್ಲಿಸಿಕೊಂಡ. ಏನೂ ಆಗಿರಲಿಲ್ಲ.

ಹಾಗೆ ಬೈಠಕ್ಕಿಗೆ ಒಂದು ಬಿದಿರಿನ ಕೋಲು ಸೇರಿತು, ಮಳೆಗಾಲ ಮುಗಿಯುವ ಹೊತ್ತಿಗೆ ಬರಿಯ ಸರಳು, ದೀಪಾವಳಿಯಾದ ಮೇಲೆ ಅದರ ಎರಡೂ ತುದಿಗೆ ಸಣ್ಣ ಚಕ್ರಗಳು. ಅಂಗಿಯ ಗುಂಡಿ ಸಡಿಲಾಯಿತು. ಅಂಜಿಕೆ ಮಾತ್ರ ಪೂರ್ತಿ ಹೋಗಲಿಲ್ಲ. ಸರಳಿಗೆ ಕೈ ಹಾಕುವ ಮುನ್ನ ಪ್ರತಿಸಲವೂ ಒಮ್ಮೆ ಬಾಗಿಲ ಕಡೆ ನೋಡುತ್ತಿದ್ದ. ಆದರೂ ಕೈ ಹಾಕುತ್ತಿದ್ದ.

ಚಳಿ ಬಿದ್ದ ಮೇಲೆ ಶಾಂತಿನಾಥ ಎಂಬ ಬಟ್ಟೆ ವ್ಯಾಪಾರಿ ಹೊಸದಾಗಿ ಸೇರಿದ. ಮಗಳ ಮದುವೆಯೊಳಗೆ ಮೈ ಇಳಿಸುವ ಅವಸರ ಅವನಿಗೆ. ಸಂಭಾಜಿ ಕೆಳಗೆ ಹೋಗಿದ್ದಾಗ ತಾನೇ ಸರಳು ಹೊತ್ತು ಬೈಠಕ್ ಶುರುಮಾಡಿದ. ಹುಡುಗರು ಸುತ್ತ ನೆರೆದರು. ಕಾಲು ನಡುಗಿತು, ಮುಖ ಕೆಂಪಾಯಿತು. ಹುಡುಗರು ಚಪ್ಪಾಳೆ ತಟ್ಟತೊಡಗಿದರು.

"ಸಾಕ್ರಿ! ಇಡ್ರಿ ಕೆಳಗ!"

ಹುಡುಗರ ಚಪ್ಪಾಳೆ ನಿಂತಿತು. ಇಷ್ಟು ಜೋರಾಗಿ ಕೂಗಿದ್ದು ತಾನೇ ಎಂದು ಜ್ಞಾನದೇವನಿಗೆ ಆಮೇಲೆ ತಿಳಿಯಿತು. ಶಾಂತಿನಾಥ ಸರಳು ಇಳಿಸಿ, ಏದುಸಿರು ಬಿಡುತ್ತ ದುರುಗುಟ್ಟಿ ನೋಡಿದ.

"ನಿಮಗೇನ್ ತ್ರಾಸರೀ? ನನ್ನ ಮೈ, ನನ್ನ ಕಾಲು."

ಜ್ಞಾನದೇವ ನೀರಿನ ಬಾಟಲಿಯನ್ನು ಅವನ ಕೈಗೆ ಕೊಟ್ಟ. "ಕೂಡ್ರಿ ಸಾವಕಾರ್ರ," ಎಂದ, "ನನ್ನ ತೊಡಿ ಬಾತಿದ್ದು ಹೇಳ್ತೀನಿ, ಕೇಳ್ರಿ." ಹೇಳತೊಡಗಿದ. ಮೂತ್ರದ ಬಣ್ಣದ ಮಾತು ಬಂದಾಗ ಶಾಂತಿನಾಥ ಮೆಲ್ಲಗೆ ಬಾಕಿನ ಮೇಲೆ ಕುಳಿತ. ಹುಡುಗರೂ ಅಲ್ಲಲ್ಲೇ ಕುಳಿತರು.

ಮರುದಿನ ಶಾಂತಿನಾಥ ಬರಲಿಲ್ಲ. ಅದರ ಮರುದಿನ ಬಂದ. ಸರಳಿನ ಕಡೆ ಹೋಗದೆ ನೇರವಾಗಿ ಬಾಕಿನ ಮೇಲೆ ಬಂದು ಕುಳಿತು, ಕೂತು ಏಳುವುದು ಹೇಗೆಂದು ಜ್ಞಾನದೇವನನ್ನೇ ಕೇಳಿದ.