ಮುದ್ದೆ ಮುರಿಯುವ ಅತ್ತೆ

ಬಬ್ಬೂರಿನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೆಲಸಕ್ಕಿದ್ದ ಮೂರ್ತಪ್ಪನ ಹೆಂಡತಿ ಚಂದ್ರಕ್ಕ ನಾಟಕಕ್ಕೆ ಸೇರಿದ್ದು ಬೀದಿ ನಲ್ಲಿಯ ಜಗಳದಿಂದ. ತೊಂಬತ್ತನೇ ಇಸವಿಯ ಬೇಸಿಗೆ. ಸರದಿ ತಪ್ಪಿಸಿ ಕೊಡ ಇಟ್ಟವಳೊಬ್ಬಳನ್ನು ಚಂದ್ರಕ್ಕ ತರಾಟೆಗೆ ತೆಗೆದುಕೊಂಡಿದ್ದಳು. ಕೂಗಾಡಲಿಲ್ಲ. ಸೊಂಟಕ್ಕೆ ಕೈ ಕೊಟ್ಟು ನಿಂತು ಒಂದೊಂದೇ ಮಾತನ್ನು ತೂಗಿ ತೂಗಿ ಬಿಡುತ್ತಿದ್ದಳು. ಆ ಮಾತು ಬೀದಿಯ ಆ ತುದಿಗೂ ಬಿಡಿಬಿಡಿಯಾಗಿ ಕೇಳುತ್ತಿತ್ತು. ಸೈಕಲ್ ತಳ್ಳಿಕೊಂಡು ಹೊರಟಿದ್ದ ಹಾರ್ಮೋನಿಯಂ ಮೇಷ್ಟ್ರು ಕರಿಸಿದ್ದಪ್ಪ ನಿಂತು ಜಗಳವನ್ನು ಪೂರ್ತಿ ಕೇಳಿಸಿಕೊಂಡರು. ಹಿರಿಯೂರು ಸೀಮೆಯ ಹಳ್ಳಿಗಳಿಗೆ ಹೋಗಿ ನಾಟಕ ಕಲಿಸುವುದು ಅವರ ಕಸುಬು. ಸಂಜೆ ಮೂರ್ತಪ್ಪನ ಮನೆಗೇ ಬಂದರು.

“ನಿನ್ನ ಹೆಂಡ್ತೀನ ನಾಟಕಕ್ಕೆ ಕಳಿಸ್ತೀಯೇನಪ್ಪ?”

“ಬರ್ರಿ ಮೇಷ್ಟ್ರೇ, ಕುಂತ್ಕಳ್ರಿ. ಅವಳಿಗೆ ಹಾಡಾಕೆ ಬರಲ್ಲ, ಕುಣಿಯಾಕೂ ಬರಲ್ಲ” ಎಂದ ಮೂರ್ತಪ್ಪ.

“ಹಾಡಾಕೆ ಕುಣಿಯಾಕೆ ಬೇಕಾದಷ್ಟು ಜನ ಅವ್ರೆ. ನಂಗೆ ಬೈಯಾಕೆ ಒಬ್ರು ಬೇಕು.”

ಬಾಗಿಲ ಹಿಂದೆ ನಿಂತಿದ್ದ ಚಂದ್ರಕ್ಕ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಮೂರ್ತಪ್ಪ ಅವಳ ಕಡೆ ತಿರುಗಿ, “ಹೋಗ್ತೀಯೇನೇ?” ಎಂದು ಕೇಳಿದ. ಅವನು ಕೇಳಿದ್ದು ಅಷ್ಟೇ. ಮುಂದೆ ಯಾರು ಏನೇ ಅಂದರೂ ಆ ಪ್ರಶ್ನೆಯನ್ನು ಅವನು ಇನ್ನೊಂದು ಸಲ ಕೇಳಲಿಲ್ಲ.

ಅಂದವರು ಕಡಿಮೆ ಇರಲಿಲ್ಲ. ಚಂದ್ರಕ್ಕ ಹರಿಯಬ್ಬೆಯ ಕೂಲಿ ಮನೆಯ ಮಗಳು, ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ತವರಿನ ಅಣ್ಣ ಸುದ್ದಿ ಕೇಳಿ ಬಂದವನೇ ಕಟ್ಟೆಯ ಮೇಲೆ ಕೂತು, “ಹೆಂಡ್ತಿ ಬಣ್ಣ ಹಚ್ತಾಳೆ, ಗಂಡ ಒಲೆ ಹಚ್ತಾನೆ. ಚೆನ್ನಾಗೈತೆ ಸಂಸಾರ” ಎಂದ. ಒಳಗೆ ಸಾರು ಕುದಿಸುತ್ತಿದ್ದ ಮೂರ್ತಪ್ಪ, “ಎರಡೂ ಚೆನ್ನಾಗಿ ಹತ್ಕಂಡವೆ ಬಿಡು ಭಾವ. ಉಂಡೇ ಹೋಗು” ಎಂದ. ಅಣ್ಣ ಉಂಡೇ ಹೋದ.

ಓದಲು ಚಂದ್ರಕ್ಕನಿಗೆ ನಿಧಾನ. ಹಾಗಾಗಿ ನಾಟಕದ ಮಾತುಗಳನ್ನು ಮೂರ್ತಪ್ಪ ಗಟ್ಟಿಯಾಗಿ ಓದುತ್ತಿದ್ದ, ಅವಳು ಶೇಂಗಾ ಬಿಡಿಸುತ್ತಲೋ ರಾಗಿ ಕೇರುತ್ತಲೋ ಕಲಿಯುತ್ತಿದ್ದಳು. ಕರಪತ್ರ ಅಚ್ಚು ಹಾಕುವ ಹಿರಿಯೂರಿನ ಪ್ರೆಸ್ಸಿನವನು ‘ಚಂದ್ರಕ್ಕ’ ಎಂಬ ಹೆಸರು ನಾಟಕಕ್ಕೆ ಒಪ್ಪುವುದಿಲ್ಲವೆಂದು ತಾನೇ ‘ಉಷಾರಾಣಿ’ ಎಂದು ಹಾಕಿಬಿಟ್ಟ. ಆಮೇಲೆ ಅದೇ ನಿಂತಿತು. ಒಂದೆರಡು ವರ್ಷದಲ್ಲಿ ಹಿರಿಯೂರು, ಹೊಸದುರ್ಗದ ಹಳ್ಳಿಗಳಲ್ಲಿ ಯಾರಾದರೂ ಸಾಮಾಜಿಕ ನಾಟಕ ಹಿಡಿದರೆ, ಅದರಲ್ಲಿ ಕೆಟ್ಟ ಅತ್ತೆಯ ಪಾತ್ರವಿದ್ದರೆ, ಮೊದಲು ಉಷಾರಾಣಿಯ ಡೇಟು ಕೇಳಿಕೊಂಡು ಆಮೇಲೆ ಪರದೆ ಕಟ್ಟುವ ಸೀನರಿಯವರನ್ನು ಗೊತ್ತು ಮಾಡುತ್ತಿದ್ದರು.

ಅವಳಿಗಿಂತ ಮೊದಲು ಅತ್ತೆಯ ಪಾತ್ರ ಮಾಡುತ್ತಿದ್ದವರು ಕಣ್ಣು ಕೆಂಪು ಮಾಡಿ, ಜುಟ್ಟು ಹಿಡಿದೆಳೆದು, ಮೈಕು ಒಡೆಯುವ ಹಾಗೆ ಕಿರುಚುತ್ತಿದ್ದರು. ಚಂದ್ರಕ್ಕ ಅದ್ಯಾವುದನ್ನೂ ಮಾಡಲಿಲ್ಲ. ಊಟದ ದೃಶ್ಯವೊಂದರಲ್ಲಿ ಅವಳು ಸೊಸೆಯ ತಟ್ಟೆಗೆ ಮುದ್ದೆ ಇಡುತ್ತಿದ್ದಳು. ಸಾರು ಬಿಡುತ್ತಿದ್ದಳು. ಸೊಸೆ ಕೈ ಹಾಕಬೇಕು ಅನ್ನುವಷ್ಟರಲ್ಲಿ ಮುದ್ದೆಯನ್ನೊಮ್ಮೆ, ಸೊಸೆಯ ಮುಖವನ್ನೊಮ್ಮೆ ನೋಡಿ, ಅರ್ಧ ಮುದ್ದೆ ಮುರಿದು ವಾಪಸ್ಸು ತೆಗೆದುಕೊಂಡು, ಸಾರಿನ ಕೈಯನ್ನು ಸೊಸೆಯ ಸೆರಗಿಗೇ ಒರೆಸಿ ಎದ್ದು ಹೋಗುತ್ತಿದ್ದಳು. ಒಂದು ಮಾತಿಲ್ಲ. ಪುಸ್ತಕದಲ್ಲಿ ಅದು ಇರಲೂ ಇಲ್ಲ. ಜನ ಮಾತ್ರ ಉಸಿರು ಬಿಗಿಹಿಡಿದು ಕೂತಿರುತ್ತಿದ್ದರು. ಆಮೇಲೆ ಹೆಂಗಸರ ಕಡೆಯಿಂದ ಬೈಗುಳ ಶುರುವಾಗುತ್ತಿತ್ತು. ಪರದೆಯ ಹಿಂದೆ ನಿಂತು ಆ ಬೈಗುಳ ಕೇಳಿಸಿಕೊಳ್ಳುವಾಗ ಅವಳ ಮುಖ ನೋಡಬೇಕಿತ್ತು ಎಂದು ಕರಿಸಿದ್ದಪ್ಪ ಮೇಷ್ಟ್ರು ಹೇಳುತ್ತಿದ್ದರು. ಬೇರೆಯವರು ಚಪ್ಪಾಳೆಗೆ ಹಿಗ್ಗಿದ ಹಾಗೆ ಇವಳು ಬೈಗುಳಕ್ಕೆ ಹಿಗ್ಗುತ್ತಿದ್ದಳಂತೆ.

ತೊಂಬತ್ತೇಳರಲ್ಲಿ ಹೊಳಲ್ಕೆರೆಯ ಮಾರ್ಕೆಟ್ ಯಾರ್ಡಿನ ಹತ್ತಿರ ನಾಟಕ ಕಂಪನಿಯೊಂದು ಟೆಂಟು ಹಾಕಿತು. ಕಂಪನಿಯವರು ಅತ್ತೆಯ ಪಾತ್ರಕ್ಕೆ ಚಂದ್ರಕ್ಕನನ್ನು ಕರೆಸಿದರು. ಭಾನುವಾರ ಮಧ್ಯಾಹ್ನದ ಆಟವೆಂದರೆ ಹೆಂಗಸರ ಸಂತೆ. ಅಂಥದೊಂದು ಭಾನುವಾರ ಅವಳು ಮುದ್ದೆ ಮುರಿದು ಎದ್ದು ಹೊರಡುವಾಗ ಮುಂದಿನ ಸಾಲಿನಿಂದ ಒಬ್ಬ ಮುದುಕಿ ಎದ್ದಳು. ಹೆಸರು ಬೋರಕ್ಕ, ಹತ್ತಿರದ ಹಳ್ಳಿಯವಳು. ಯಾರೂ ತಡೆಯುವ ಮೊದಲೇ ಸ್ಟೇಜು ಹತ್ತಿ, ಅಳುತ್ತ ಕೂತಿದ್ದ ಸೊಸೆಯ ಪಾತ್ರದ ಹುಡುಗಿಯ ಕೈ ಹಿಡಿದು ಎಬ್ಬಿಸಿದಳು.

“ಏಳವ್ವ, ನಮ್ಮನೆಗೆ ಹೋಗಾಣ. ಇವಳ ಮನೆ ಮುದ್ದೆ ನಿಂಗ್ಯಾಕೆ? ನಾನಿಕ್ತೀನಿ ನಡಿ.”

ಟೆಂಟಿನ ತುಂಬ ಗೊಳ್ಳೆಂದು ನಗು. ಹಿಂದಿನಿಂದ ಶಿಳ್ಳೆ. ಪಾತ್ರದ ಹುಡುಗಿ ಕಂಗಾಲಾಗಿ ಅತ್ತ ಇತ್ತ ನೋಡಿದಳು. ಕಂಪನಿಯ ಇಬ್ಬರು ಆಳುಗಳು ಮುದುಕಿಯನ್ನು ಎಳೆದು ಹಾಕಲು ಪಕ್ಕದಿಂದ ಓಡಿಬಂದರು. ಆಗ ಬೋರಕ್ಕನಿಗೆ ತಾನು ಎಲ್ಲಿ ನಿಂತಿದ್ದೇನೆ ಎಂಬುದು ತಿಳಿಯಿತು. ಅಷ್ಟು ಜನ ನಗುತ್ತಿರುವುದು ತನ್ನನ್ನೇ ನೋಡಿ ಎಂಬುದೂ ತಿಳಿದು ಹುಡುಗಿಯ ಕೈ ಬಿಟ್ಟಳು.

ಒಳಗೆ ಹೋಗಬೇಕಿದ್ದ ಚಂದ್ರಕ್ಕ ತಿರುಗಿ ನಿಂತಳು. ಅತ್ತೆಯ ದನಿಯಲ್ಲೇ ಆಳುಗಳಿಗೆ, “ದೂರ ನಿಂತ್ಕಳ್ರಿ. ಅವ್ರ ಮೈ ಮುಟ್ಟೀರಾ, ಜೋಕೆ” ಎಂದಳು. ನಗು ಅಡಗಿತು. ಅವಳು ಬೋರಕ್ಕನ ಎದುರಿಗೆ ಬಂದು ನಿಂತಳು.

“ಈ ಊರಿನಾಗೆ ಇಷ್ಟು ಜನ ಕುಂತು ನೋಡ್ತಾ ಅವ್ರೆ. ಕೇಳೋಕೆ ಬಂದೋಳು ನೀನೊಬ್ಳೇ. ನನ್ನ ಮನೆ ಬಾಗಿಲಿಗೆ ಬಂದ ಹಿರೇ ಜೀವ ನೀನು. ನಿಂತ್ಕಬ್ಯಾಡ, ಕುಂತ್ಕ ತಾಯಿ.”

ಅಂದವಳೇ ಸಾಹುಕಾರನ ಪಾತ್ರದವನು ಕೂರುವ ದೊಡ್ಡ ಕುರ್ಚಿಯನ್ನು ತಾನೇ ಎಳೆದು ತಂದು ಮುದುಕಿಯನ್ನು ಕೂರಿಸಿದಳು. ಆ ದೃಶ್ಯ ಮುಗಿಯುವ ತನಕ ಬೋರಕ್ಕ ಸ್ಟೇಜಿನ ಮೇಲೆ ನ್ಯಾಯ ಹೇಳಲು ಬಂದ ಹಿರಿಯಳ ಹಾಗೆ ಕೂತಿದ್ದಳು. ಪರದೆ ಬಿದ್ದಾಗ ಟೆಂಟು ಹಾರಿಹೋಗುವ ಹಾಗೆ ಚಪ್ಪಾಳೆ. ಒಳಗೆ ಚಂದ್ರಕ್ಕ ಅವಳಿಗೆ ಟೀ ಕುಡಿಸಿ, ಕಾಲು ಮುಟ್ಟಿ ನಮಸ್ಕಾರ ಮಾಡಿ, ಕೈ ಹಿಡಿದುಕೊಂಡು ಬಾಗಿಲ ತನಕ ಬಂದು ಕಳಿಸಿದಳು.

ಇದಾಗಿ ನಾಲ್ಕು ವರ್ಷಕ್ಕೆ ಮಗ ಚೇತನ್‌ಕುಮಾರನಿಗೆ ಹೆಣ್ಣು ನೋಡುವ ಕಾಲ ಬಂತು. ಹುಡುಗ ಹೊಸದುರ್ಗದಲ್ಲಿ ಲೈನ್‌ಮನ್. ಒಳ್ಳೆಯವನು, ಕುಡಿತವಿಲ್ಲ. ಹೆಣ್ಣು ಕೊಡಲು ಜನ ಮುಂದೆ ಬರುತ್ತಾರೆಂದೇ ಎಲ್ಲರೂ ತಿಳಿದಿದ್ದರು. ಬಂದವರು ಹುಡುಗನನ್ನು ನೋಡಿ ಒಪ್ಪುತ್ತಿದ್ದರು, ಒಳಗಿನಿಂದ ಟೀ ತಟ್ಟೆ ಹಿಡಿದು ಬಂದ ತಾಯಿಯನ್ನು ನೋಡಿ ಮುಖ ಮುಖ ನೋಡಿಕೊಳ್ಳುತ್ತಿದ್ದರು. ಆಮೇಲೆ ಸುದ್ದಿಯಿಲ್ಲ. ಚಿತ್ರದುರ್ಗದ ಕಡೆಯವರೊಬ್ಬರು ಮಾತ್ರ ಮುಚ್ಚುಮರೆ ಮಾಡದೆ ಹೇಳಿ ಕಳಿಸಿದರು: “ಹುಡುಗ ಚಿನ್ನ. ಆದ್ರೆ ನಮ್ಮ ಹೆಂಗಸರು, ಆ ಮುದ್ದೆ ಮುರಿಯೋಳ ಮನೆಗೆ ಮಗಳನ್ನ ಹೆಂಗೆ ಕೊಡಾದು ಅಂತ ಅಳ್ತಾ ಕುಂತವ್ರೆ.”

ಮೊದಲ ಸಲ ಚಂದ್ರಕ್ಕ ನಕ್ಕಿದ್ದಳು. ಈ ಸಲ ನಗಲಿಲ್ಲ. ಊಟಕ್ಕೆ ಕೂತಾಗ ತಾನಿನ್ನು ನಾಟಕ ಬಿಡುತ್ತೇನೆ ಎಂದಳು.

ಮೂರ್ತಪ್ಪ, “ನೀ ಬಿಟ್ರೆ ಜನ ಮರೀತಾರೇನೇ? ಅದು ಅಷ್ಟು ಸಲೀಸಾಗಿ ಹೋಗೋ ಬಣ್ಣ ಅಲ್ಲ” ಎಂದ.

ಚೇತನ್‌ಕುಮಾರ ತಟ್ಟೆಯಿಂದ ತಲೆ ಎತ್ತಿದ. “ಹೊಸದುರ್ಗದಾಗೆ ನಾನು ಕಂಬ ಹತ್ತಿದ್ರೆ ಕೆಳಗೆ ನಿಂತೋರು, ಇವ್ನು ಉಷಾರಾಣಿ ಮಗ ಅಂತಾರವ್ವ. ಹೆಣ್ಣು ಇವತ್ತಲ್ಲ ನಾಳೆ ಸಿಗ್ತಾಳೆ. ಆ ಹೆಸ್ರು ಎಲ್ಲಿ ಸಿಗ್ತೈತೆ?”

ಚಂದ್ರಕ್ಕ ಎದ್ದು ಅಡುಗೆಮನೆಗೆ ಹೋದಳು. ಆಮೇಲೆ ಆ ಮಾತು ತೆಗೆಯಲಿಲ್ಲ.

ಹೆಣ್ಣು ಸಿಗದ ಸುದ್ದಿ ಊರಿಂದೂರಿಗೆ ನಗೆಮಾತಾಗಿ ಹೋಯಿತು. ಸಂಬಂಧ ಕೂಡಿಸುವ ಜುಂಜಣ್ಣ ಅದನ್ನು ಹೊಳಲ್ಕೆರೆ ಬಸ್‌ಸ್ಟ್ಯಾಂಡಿನಲ್ಲಿ ಯಾರಿಗೋ ಹೇಳಿಕೊಂಡು ನಗುತ್ತಿದ್ದಾಗ ಪಕ್ಕದ ಕಲ್ಲುಬೆಂಚಿನಲ್ಲಿ ಬಸ್ಸಿಗೆ ಕಾದು ಕೂತಿದ್ದ ಬೋರಕ್ಕನ ಕಿವಿಗೆ ಬಿತ್ತು. ಅವಳು ಜುಂಜಣ್ಣನ ಅಂಗಿ ಹಿಡಿದು ಕೇಳಿದಳು. “ಲೇ, ಅವ್ರು ನಮ್ಮ ಪೈಕಿಯೋರಾ? ಹಂಗಾದ್ರೆ ನಮ್ಮನೆಗೆ ಕರ್ಕಂಡು ಬಾ. ನಮ್ಮ ಬೃಂದಾ ಅವ್ಳೆ.”

ಬೃಂದಾ ಬೋರಕ್ಕನ ಮೊಮ್ಮಗಳು. ಪಿಯುಸಿ ಮುಗಿಸಿ ಅಂಗನವಾಡಿ ಕೆಲಸಕ್ಕೆ ಅರ್ಜಿ ಹಾಕಿ ಕೂತಿದ್ದಳು. ಅಪ್ಪ ಕಾಟಲಿಂಗಪ್ಪ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲಿ. ಹುಡುಗನ ಮನೆಯವರು ಬಂದು ಕೂತ ದಿನ ಬೃಂದಾಳ ತಾಯಿ ಅಡುಗೆಮನೆ ಬಿಟ್ಟು ಈಚೆಗೇ ಬರಲಿಲ್ಲ. ಬೋರಕ್ಕ ನಡುಮನೆಯಿಂದಲೇ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

“ಅವತ್ತು ಬುದ್ಧಿಯಿಲ್ದೆ ಸ್ಟೇಜು ಹತ್ತಿದೆ. ಊರೆಲ್ಲ ನಗ್ತಿತ್ತು. ಇವಳು ಮನಸ್ಸು ಮಾಡಿದ್ರೆ ಒಂದು ಮಾತು ಸೇರಿಸಿ ಇನ್ನೂ ನಗಿಸಬೌದಿತ್ತು. ನಂಗೆ ಕುರ್ಚಿ ಹಾಕಿದ್ಲು. ನನ್ನ ಮರ್ವಾದೆ ಕಾದೋಳು ನನ್ನ ಮೊಮ್ಮಗಳನ್ನ ಕಾಯಲ್ವಾ? ಬಾರೇ ಈಚೆಗೆ, ಮುಖ ನೋಡು ಅವಳ್ದು.”

ಬೃಂದಾಳ ತಾಯಿ ಕೊನೆಗೂ ಸೆರಗು ಸರಿಮಾಡಿಕೊಂಡು ಹೊರಗೆ ಬಂದಳು. ಬೃಂದಾ ಹುಡುಗನನ್ನು ಒಂದು ಸಲ ನೋಡಿ, ಅವನ ತಾಯಿಯ ಕಡೆ ತಿರುಗಿದಳು.

“ಆ ಮುದ್ದೆ ಮುರಿಯೋದು ನಿಮ್ಗೆ ಯಾರು ಹೇಳಿಕೊಟ್ರು?”

“ಯಾರೂ ಇಲ್ಲ ಕಣವ್ವ. ನಮ್ಮವ್ವ ಕೂಲಿಗೆ ಹೋಗ್ತಿದ್ದ ಮನೇಲಿ ಊಟಕ್ಕಿಕ್ಕೋರು. ನಾನೂ ಜೊತೆಗೆ ಹೋಗಿದ್ದೆ ಒಂದಿನ. ನನ್ನ ನೋಡಿ, ಅವ್ವ ನಂಗೂ ಪಾಲು ಕೊಡ್ತಾಳೆ ಅಂತ ಗೊತ್ತಾಗಿ, ಆ ಮನೆಯಾಕಿ ಅವ್ವನ ತಟ್ಟೆಯಿಂದ ಅರ್ಧ ಮುರ್ಕಂಡ್ಲು. ಬೈಲಿಲ್ಲ, ಏನಿಲ್ಲ. ಅವ್ವ ಉಳಿದಿದ್ನ ನಂಗೆ ಕೊಟ್ಲು. ಆಯಮ್ಮನ ಮುಖ ನಂಗೆ ಮರೆತಿಲ್ಲ. ಸ್ಟೇಜಿನ ಮೇಲೆ ಅದನ್ನೇ ಇಟ್ಕಂತೀನಿ.”

ಮೂರ್ತಪ್ಪನಿಗೂ ಇದು ಗೊತ್ತಿರಲಿಲ್ಲ. ಬೃಂದಾ ಮಂಡಕ್ಕಿಯ ತಟ್ಟೆಯನ್ನು ಚಂದ್ರಕ್ಕನ ಹತ್ತಿರಕ್ಕೆ ಸರಿಸಿ, “ತಗಳ್ರಿ ಅತ್ತೆ” ಎಂದಳು. ಜುಂಜಣ್ಣ ಅಷ್ಟು ಸಾಕೆಂದು ಎಲೆ ಅಡಿಕೆ ತರಿಸಿದ.

ಮದುವೆ ಮರು ವರ್ಷ ಆಯಿತು. ಮಗ ಸೊಸೆ ಹೊಸದುರ್ಗದಲ್ಲಿ ಮನೆ ಮಾಡಿದರು. ಮೂರ್ತಪ್ಪನ ಕಣ್ಣಿಗೆ ಪೊರೆ ಬಂದಿದ್ದರಿಂದ ಮಾತು ಓದಿ ಹೇಳುವ ಕೆಲಸ ಬೃಂದಾಳಿಗೆ ಬಂತು. ಹೊಸ ನಾಟಕ ಬಂದಾಗ ಚಂದ್ರಕ್ಕ ನಾಲ್ಕು ದಿನ ಮಗನ ಮನೆಯಲ್ಲಿ ಉಳಿಯುತ್ತಿದ್ದಳು. ಬೃಂದಾ ಬರೀ ಓದುತ್ತಿರಲಿಲ್ಲ, ಸೊಸೆಯ ಮಾತನ್ನು ತಾನೇ ಹೇಳುತ್ತಿದ್ದಳು. ಒಂದು ದಿನ ಬೆಳಿಗ್ಗೆ ಹೀಗೇ ನಡೆದಿತ್ತು.

“ನಿಮ್ಮಪ್ಪ ಏನು ಹೊರ್ಸಿ ಕಳಿಸವ್ನೆ ಅಂತ ನೆರಳಾಗೆ ಕುಂತಿದೀಯ? ಏಳು, ಇಲ್ದಿದ್ರೆ ಹೊಸ್ಲು ದಾಟು.”

ಗೋಡೆಯಾಚೆ ಹೊಸದಾಗಿ ಬಾಡಿಗೆಗೆ ಬಂದಿದ್ದ ಗಂಗಕ್ಕ ಮುಸುರೆ ಕೈಯಲ್ಲೇ ಓಡಿಬಂದಳು. ಬಾಗಿಲು ನೂಕಿ, “ಏನಮ್ಮ ಇದು, ಬಸುರಿ ಹೆಂಗಸಿಗೆ ಹಿಂಗಾ ಅನ್ನಾದು” ಎಂದು ಶುರು ಮಾಡಿದವಳು ಅಲ್ಲಿಗೇ ನಿಂತಳು. ಬಸುರಿ ಬೃಂದಾ ಗೋಡೆಗೆ ದಿಂಬು ಕೊಟ್ಟು ಕಾಲು ಚಾಚಿ ಪುಸ್ತಕ ಹಿಡಿದು ಕೂತಿದ್ದಳು. ಬೈಯುತ್ತಿದ್ದ ಅತ್ತೆ ಅವಳ ಕಾಲಿಗೆ ಹರಳೆಣ್ಣೆ ನೀವುತ್ತಿದ್ದಳು. ಬೃಂದಾಳಿಗೆ ನಗು ತಡೆಯಲಿಲ್ಲ. “ಕುಂತ್ಕಳ್ರಿ ಅಕ್ಕ. ಇನ್ನೂ ಜೋರು ಬೈಗುಳ ಮುಂದೈತೆ” ಎಂದಳು. ಗಂಗಕ್ಕ ಕೂತು ಪೂರ್ತಿ ಕೇಳಿಯೇ ಹೋದಳು.

ಎರಡು ಸಾವಿರದ ಆರರಲ್ಲಿ ಚಿತ್ರದುರ್ಗದ ರಂಗಮಂದಿರದಲ್ಲಿ ಜಿಲ್ಲೆಯ ಹಳ್ಳಿ ಕಲಾವಿದರ ನಾಟಕಗಳನ್ನು ಆಡಿಸಿದರು. ಚಂದ್ರಕ್ಕ ಅಂಥ ಕಟ್ಟಡದಲ್ಲಿ ಬಣ್ಣ ಹಚ್ಚಿದ್ದು ಅದೇ ಮೊದಲು. ಕಾಟಲಿಂಗಪ್ಪ ಹಳ್ಳಿಯಿಂದ ಒಂದು ಟೆಂಪೋ ಜನವನ್ನು ಕರೆತಂದಿದ್ದ. ಮೊದಲ ಸಾಲಿನಲ್ಲಿ ಬೋರಕ್ಕ, ಬೃಂದಾ, ತೊಡೆಯ ಮೇಲೆ ಮಗು. ಚೇತನ್‌ಕುಮಾರ ರಜಾ ಹಾಕಿ ಬಂದು ಗೋಡೆಯ ಪಕ್ಕ ನಿಂತಿದ್ದ. ಕಣ್ಣಿನ ಆಪರೇಷನ್ ಮುಗಿಸಿಕೊಂಡಿದ್ದ ಮೂರ್ತಪ್ಪ ತಡವಾಗಿ ಬಂದು ಎಲ್ಲೋ ನಡುವಿನಲ್ಲಿ, ಪ್ಯಾಂಟು ಹಾಕಿದ ಅಪರಿಚಿತನೊಬ್ಬನ ಪಕ್ಕ ಕೂತ.

ಚಂದ್ರಕ್ಕ ಸ್ಟೇಜಿಗೆ ಬಂದು ಬಾಯಿ ಬಿಟ್ಟಾಗ ಮೈಕು ಕೈಕೊಟ್ಟಿತು. ಅವಳು ಮೈಕಿನ ಕಡೆ ನೋಡಲೂ ಇಲ್ಲ. ಮಾತು ಕೊನೆಯ ಸಾಲಿನ ತನಕ ಬಿಡಿಬಿಡಿಯಾಗಿ ಹೋಯಿತು. ಅರ್ಧ ಗಂಟೆಯಲ್ಲಿ ಪಟ್ಟಣದ ಜನವೂ ಹಲ್ಲು ಕಡಿಯತೊಡಗಿದರು. ಪಕ್ಕದವನು ತಡೆಯಲಾರದೆ ಮೂರ್ತಪ್ಪನ ಕಡೆ ಬಾಗಿದ.

“ಎಂಥಾ ಹೆಂಗಸು ರೀ ಇವಳು. ಇವಳ ಗಂಡ ಅನ್ನೋನು ಹೆಂಗೆ ಬಾಳ್ತಾನೋ ಏನೋ.”

“ಚೆನ್ನಾಗೇ ಬಾಳ್ತಾ ಇದೀನಿ ಕಣ್ರಿ” ಎಂದ ಮೂರ್ತಪ್ಪ.

ಆ ಮನುಷ್ಯ ಅವನನ್ನು ಮೇಲಿನಿಂದ ಕೆಳಗೆ ನೋಡಿದ. ಆಮೇಲೆ ಸ್ಟೇಜನ್ನು ನೋಡಿದ. ದನಿ ತಗ್ಗಿಸಿ, “ಮನೇಲೂ ಹಿಂಗೇನಾ?” ಎಂದು ಕೇಳಿದ.

“ಮನೇಲಿ ಅಡಿಗೆ ನಂದು. ಬೈಯಾಕೆ ಅವಳಿಗೆ ಪುರುಸೊತ್ತೆಲ್ಲೈತೆ” ಎಂದ ಮೂರ್ತಪ್ಪ. “ಈಗ ಸುಮ್ಕೆ ನೋಡ್ರಿ. ಮುಂದಿನ ಸೀನು ಇನ್ನೂ ಚೆನ್ನಾಗೈತೆ.”